ಪರಿಹಾರದ ಹಣ ಯಾಕೆ ಸಾಲುವುದಿಲ್ಲ?

2019ರ ಆಗಸ್ಟ್ ಮಳೆಯನ್ನು ನಮ್ಮ ಕಡೆಯವರು ಮರೆತಿಲ್ಲ. ತೀರ್ಥಹಳ್ಳಿಯಲ್ಲಿ ತುಂಗೆ ಉಕ್ಕಿ ಹರಿದಳು. ಅದೇ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಕುಸಿದು ಗದ್ದೆ, ತೋಟ ಮಣ್ಣಿನಡಿ ಸೇರಿದವು. ಸಾಗರ, ಹೊಸನಗರದಲ್ಲೂ ಮಳೆ ಬಿಡದೆ ಸುರಿಯಿತು. ಸರ್ಕಾರ ಪರಿಹಾರ ಕೊಟ್ಟಿತಲ್ಲ, ಮತ್ತೆ ಜನ ಸಾಲ ಯಾಕೆ ಮಾಡಿದರು? ಕಾಮರ್ಸ್ ಸೇರಿದ ಮೇಲೆ ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಹುಡುಕಿದೆ.

ಆ ವರ್ಷ ರಾಜ್ಯ ಸರ್ಕಾರ ಅಂದಾಜಿಸಿದ ನಷ್ಟ ಸುಮಾರು 35,000 ಕೋಟಿ ರೂಪಾಯಿ. ಕೇಂದ್ರದಿಂದ ಕೇಳಿದ್ದು ಸುಮಾರು 3,800 ಕೋಟಿ. 2020ರ ಜನವರಿಯಲ್ಲಿ ಕೇಂದ್ರ ಒಪ್ಪಿದ್ದು 1,869.85 ಕೋಟಿ. ಎಲ್ಲರೂ ಮೂರನೆಯ ಸಂಖ್ಯೆಯ ಬಗ್ಗೆ ಜಗಳವಾಡುತ್ತಾರೆ. ನನಗೆ ವಿಚಿತ್ರ ಅನಿಸಿದ್ದು ಎರಡನೆಯದು. ನಷ್ಟದ ಹತ್ತರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ ಕೇಳಿದ್ದೇಕೆ? ವಿಪತ್ತು ಪರಿಹಾರ ನಿಧಿಗೆ ಒಂದು ದರಪಟ್ಟಿ ಇದೆ, ಅದನ್ನು ಮೀರಿ ಕೇಳುವಂತಿಲ್ಲ. ವಿಮೆಯಲ್ಲಿ ಆದ ನಷ್ಟವನ್ನು ತುಂಬಿಕೊಡುವ ತತ್ವವನ್ನು ನಾವು ಓದಿದ್ದೇವೆ. ಇದು ಹಾಗಲ್ಲ. ಹೆಸರು ಪರಿಹಾರ, ಕೊಡುವುದು ನೆರವು.

ಅಡಿಕೆಯನ್ನೇ ತೆಗೆದುಕೊಳ್ಳಿ. ಬಹುವಾರ್ಷಿಕ ಬೆಳೆಗೆ ಆಗಿನ ದರ ಹೆಕ್ಟೇರಿಗೆ 18,000 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ರಾಜ್ಯ ಸರ್ಕಾರ ಇನ್ನು 10,000 ಸೇರಿಸಿತು. ಒಟ್ಟು 28,000, ಅಂದರೆ ಎಕರೆಗೆ ಸುಮಾರು 11,300. ತೋಟ ಹೋದವರು ಹೊಸ ಸಸಿ ನೆಟ್ಟು ಫಸಲು ನೋಡಲು ಐದಾರು ವರ್ಷ ಕಾಯಬೇಕು. ಆರು ವರ್ಷಕ್ಕೆ ಹಂಚಿದರೆ ಎಕರೆಗೆ ತಿಂಗಳಿಗೆ 157 ರೂಪಾಯಿ! 2022ರಲ್ಲಿ ಕೇಂದ್ರದ ದರ 22,500ಕ್ಕೆ ಏರಿತು, ಆದರೆ ಸಸಿ ಬೇಗ ಬೆಳೆಯುವುದಿಲ್ಲ.

ಪೂರ್ತಿ ಬಿದ್ದ ಮನೆಗೆ ಮಾತ್ರ ರಾಜ್ಯ ಸರ್ಕಾರ ಕೈಯಿಂದ ಹಾಕಿ 5 ಲಕ್ಷ ಮಾಡಿತು. ಅದನ್ನು ಮೆಚ್ಚಲೇಬೇಕು. ಆದರೆ ಅದು ಬರುವುದು ಕಂತಿನಲ್ಲಿ. ಮುಂದಿನ ಕಂತು ಬರುವತನಕ ಮೇಸ್ತ್ರಿಯ ಕೂಲಿ ನಿಲ್ಲುತ್ತದೆಯೇ?

ಹೊರಗಿನ ಜಗತ್ತಿನಲ್ಲೂ ಇದೇ ಕಥೆ. 2025ರಲ್ಲಿ ಸುಮಾರು 4,400 ಕೋಟಿ ಡಾಲರ್ ಬೇಕೆಂದಿದ್ದ ವಿಶ್ವಸಂಸ್ಥೆ, ದೇಣಿಗೆ ಬಾರದೆ ಜೂನ್‌ನಲ್ಲಿ ಅದನ್ನು 2,900 ಕೋಟಿಗೆ ಇಳಿಸಿ, ತೀರಾ ಕಷ್ಟದಲ್ಲಿರುವ 11.4 ಕೋಟಿ ಜನರನ್ನು ಮೊದಲು ಆರಿಸಿಕೊಂಡಿತು. ಉಳಿದವರು ಕಷ್ಟದಲ್ಲಿಲ್ಲ ಎಂದಲ್ಲ, ದುಡ್ಡಿಲ್ಲ ಎಂದಷ್ಟೇ.

ನಮ್ಮಲ್ಲಿ ಆ ಅಂತರವನ್ನು ತುಂಬುವುದು ಊರಿನವರೇ. ಮಠ, ಜಮಾಅತ್, ಯುವಕ ಸಂಘ ಎಲ್ಲವೂ ಸೇರುತ್ತವೆ. ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ ಇಮ್ದಾದ್ ಎನ್ನುತ್ತೇವೆ. ಇಲ್ಲೂ ನಿಯಮಗಳಿವೆ. ಉಳಿತಾಯದ ಮೇಲೆ ಶೇ 2.5ರಂತೆ ಕೊಡುವ ಜಕಾತ್ ಎಂಟು ಬಗೆಯ ಜನರಿಗೆ ಮಾತ್ರ ಸಲ್ಲಬೇಕು, ಆದ್ದರಿಂದ ಅದರ ಲೆಕ್ಕ ಬೇರೆಯೇ ಇಡಬೇಕು. ಸದಖಾ ಹಣಕ್ಕೆ ಅಷ್ಟು ಕಟ್ಟುಪಾಡಿಲ್ಲ. ಇನ್ನೊಂದು ತೊಡಕು ಸಮಯದ್ದು. ಹೆಚ್ಚಿನವರು ಕೊಡುವುದು ರಂಜಾನ್ ತಿಂಗಳಲ್ಲಿ. 2019ರಲ್ಲಿ ರಂಜಾನ್ ಹಬ್ಬ ಜೂನ್ 5ಕ್ಕೆ ಆಗಿಹೋಗಿತ್ತು, ನೆರೆ ಬಂದದ್ದು ಎರಡು ತಿಂಗಳು ಕಳೆದ ಮೇಲೆ. ಜಕಾತನ್ನು ತಡಮಾಡದೆ ಹಂಚಬೇಕು ಎಂದು ಹಿರಿಯರು ಹೇಳುತ್ತಾರೆ, ಸರಿ. ಸದಖಾದಲ್ಲಿ ಒಂದು ಪಾಲನ್ನಾದರೂ ಬೇರೆ ಖಾತೆಯಲ್ಲಿ ಆಗಸ್ಟ್ ಮುಗಿಯುವತನಕ ಮುಟ್ಟದೆ ಇಟ್ಟರೆ, ಎರಡನೆಯ ಕಂತಿಗೆ ಕಾಯುವವರಿಗೆ ಅದನ್ನು ಕೈಸಾಲವಾಗಿ ಕೊಡಬಹುದು. ಕಂತು ಬಂದಾಗ ಹಣ ಖಾತೆಗೆ ವಾಪಸ್.