ತಂತ್ರಾಂಶದ ಕನ್ನಡ ಅನುವಾದ: ಶೈಲಿನಿಯಮಗಳ ವಿಚಾರ
(ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ನಿದರ್ಶನಗಳೊಡನೆ)

ಪುಸ್ತಕವನ್ನು ಅನುವಾದಿಸುವವರ ಮುಂದೆ ಇಡೀ ವಾಕ್ಯವಿರುತ್ತದೆ. ತಂತ್ರಾಂಶದ ಅನುವಾದಕರಿಗೆ ಆ ಸೌಲಭ್ಯವಿಲ್ಲ. ಅವರ ಕೈಗೆ ಬರುವುದು ಸಂದರ್ಭದಿಂದ ಕಳಚಿದ ಪದ, ಅರ್ಧವಾಕ್ಯ, ಮತ್ತು ಗಣಕವು ಅನಂತರ ಹೆಸರನ್ನೋ ಸಂಖ್ಯೆಯನ್ನೋ ತುಂಬುವ ತೆರವು. ಅನೇಕರು ಸೇರಿ ಮಾಡುವ ಈ ಕಾರ್ಯಕ್ಕೆ ಮೊದಲೇ ಒಪ್ಪಿಕೊಂಡ ಶೈಲಿನಿಯಮಗಳು ಅವಶ್ಯ. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಬೆಳಗಾವಿ ಜಿಲ್ಲೆಯ ಮೂರು ತಾಲ್ಲೂಕುಗಳ ನಿದರ್ಶನಗಳಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ವಿಭಕ್ತಿಯ ಸಮಸ್ಯೆ

ಇಂಗ್ಲಿಷಿನಲ್ಲಿ ಸ್ಥಳನಾಮದ ಹಿಂದೆ ಒಂದು ಅವ್ಯಯವನ್ನಿಟ್ಟರೆ ಎಲ್ಲ ಊರುಗಳಿಗೂ ಒಂದೇ ವಾಕ್ಯ ಸಾಕಾಗುತ್ತದೆ. ಕನ್ನಡದಲ್ಲಿ ಹಾಗಲ್ಲ. ಮೂಡಲಗಿ, ಹುಕ್ಕೇರಿಗಳಿಗೆ ಯಕಾರ ಬಂದು 'ಮೂಡಲಗಿಯಲ್ಲಿ', 'ಹುಕ್ಕೇರಿಯಲ್ಲಿ' ಎಂದಾಗುತ್ತದೆ. ಗೋಕಾಕಕ್ಕೆ ದಕಾರ ಬಂದು 'ಗೋಕಾಕದಲ್ಲಿ' ಎಂದಾಗುತ್ತದೆ. ತೆರವಿನ ಮುಂದೆ 'ಯಲ್ಲಿ' ಎಂದು ಅಂಟಿಸಿದ ಅನುವಾದವು ಎರಡು ಊರುಗಳಿಗೆ ಸರಿಹೊಂದಿ, ಮೂರನೆಯದರಲ್ಲಿ 'ಗೋಕಾಕಯಲ್ಲಿ' ಎಂಬ ವಿಕಾರವನ್ನು ಹುಟ್ಟಿಸುತ್ತದೆ. ಪ್ರತಿಯೊಂದು ಊರಿಗೂ ಬೇರೆ ರೂಪ ಬರೆದಿಡುವುದೂ ಪರಿಹಾರವಲ್ಲ. 2010ರ ದಶಕದ ಕೊನೆಯಲ್ಲಿ ಗೋಕಾಕದಿಂದ ಬೇರ್ಪಟ್ಟು ಮೂಡಲಗಿ ತಾಲ್ಲೂಕಾದಂತೆ ಹೆಸರುಗಳ ಪಟ್ಟಿ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಪ್ರತ್ಯಯವನ್ನು ಹೆಸರಿಗೆ ಹಚ್ಚದೆ, ಅದರ ಮುಂದಿನ ಜಾತಿವಾಚಕಕ್ಕೆ ಹಚ್ಚಬೇಕು: 'ಗೋಕಾಕ ತಾಲ್ಲೂಕಿನಲ್ಲಿ', 'ಹುಕ್ಕೇರಿ ತಾಲ್ಲೂಕಿನಲ್ಲಿ'. ಕಡತದ ಹೆಸರು ಬರುವಲ್ಲಿ 'ಎಂಬ ಕಡತವನ್ನು' ಎಂದರಾಯಿತು.

ಇದು ಕನ್ನಡವೊಂದರ ತೊಡಕಲ್ಲ. ಆಲ್ಜೀರಿಯದ ಕಬೈಲ್ ಭಾಷೆಯಲ್ಲಿ ನಾಮಪದದ ಆರಂಭವೇ ಬದಲಾಗುತ್ತದೆ. ಕೈ ಎಂಬರ್ಥದ 'ಅಫುಸ್' ಪದವು ಕೆಲವು ಸ್ಥಾನಗಳಲ್ಲಿ 'ಉಫುಸ್' ಆಗುತ್ತದೆ. ಆ ಭಾಷೆಯ ಅನುವಾದಕರೂ ತೆರವಿನ ವಾಕ್ಯಗಳಲ್ಲಿ ಇದೇ ಎಚ್ಚರ ವಹಿಸಬೇಕಾಗುತ್ತದೆ. ಫೈರ್‌ಫಾಕ್ಸ್ ಜಾಲವೀಕ್ಷಕವು 2017ರಲ್ಲಿ ಕಬೈಲ್‌ನಲ್ಲಿ ದೊರೆಯತೊಡಗಿತು.

2. ಬರಹರೂಪ

'ಗೋಕಾಕ್' ಎಂದು ವ್ಯಂಜನಾಂತವಾಗಿ ಬರೆದು ಪ್ರತ್ಯಯ ಸೇರಿಸಿದರೆ ಗಣಕವು ಅದನ್ನು 'ಗೋಕಾಕ್ನಲ್ಲಿ' ಎಂದು ಒತ್ತಕ್ಷರವಾಗಿಸುತ್ತದೆ. ಯೂನಿಕೋಡಿನ ಅಗೋಚರ ವಿಯೋಜಕ ಚಿಹ್ನೆಯನ್ನು ನಡುವೆ ಇಟ್ಟಾಗ ಮಾತ್ರ 'ಗೋಕಾಕ್‌ನಲ್ಲಿ' ಎಂದು ಮೂಡುತ್ತದೆ. ಕಣ್ಣಿಗೆ ಕಾಣದ ಈ ಚಿಹ್ನೆಯನ್ನು ಒಬ್ಬರು ಬಳಸಿ ಮತ್ತೊಬ್ಬರು ಬಿಟ್ಟರೆ ಹುಡುಕಾಟದಲ್ಲಿ ಒಂದೇ ಊರು ಎರಡಾಗುವ ಸಂಭವವಿದೆ. ಸ್ವರಾಂತವಾದ 'ಗೋಕಾಕ' ರೂಪವನ್ನೇ ಗ್ರಹಿಸುವುದು ಸುರಕ್ಷಿತ. ಅದು ಆ ಸೀಮೆಯ ರೂಢಿಯೂ ಹೌದು.

3. ಆಜ್ಞಾರ್ಥ ಮತ್ತು ಗೌರವ

ಗುಂಡಿಯ ಮೇಲೆ 'ಉಳಿಸು' ಎಂದಿರಬೇಕೋ 'ಉಳಿಸಿ' ಎಂದಿರಬೇಕೋ ಎಂಬುದು ಹಳೆಯ ಚರ್ಚೆ. ಗುಂಡಿಯು ಬಳಕೆದಾರನು ಯಂತ್ರಕ್ಕೆ ಕೊಡುವ ಆಜ್ಞೆಯಾದ್ದರಿಂದ ಏಕವಚನವೇ ಯುಕ್ತ. ಯಂತ್ರವು ಬಳಕೆದಾರನನ್ನು ಉದ್ದೇಶಿಸಿ ಆಡುವ ಮಾತಿಗೆ ಬಹುವಚನ ಬೇಕು. ಆದರೆ 'ಅಳಿಸಿ' ಎಂಬುದು ಗೌರವದ ವಿಧಿರೂಪವೂ ಹೌದು, ಕೆಲಸ ಮುಗಿದುದನ್ನು ಹೇಳುವ ಭೂತಕೃದಂತಾವ್ಯಯವೂ ಹೌದು. ಪರದೆಯ ಮೇಲೆ ಅದೊಂದೇ ಪದವಿದ್ದಾಗ ದಾಖಲೆಯನ್ನು ಅಳಿಸಬೇಕೆಂದೋ ಅಳಿಸಿ ಆಯಿತೆಂದೋ ನಿರ್ಧರಿಸುವುದು ಕಷ್ಟ. ಇಲ್ಲಿ ಉತ್ತರ ಕರ್ನಾಟಕದ ಮಾತು ನೆರವಿಗೆ ಬರುತ್ತದೆ. ಗೋಕಾಕ ಸೀಮೆಯಲ್ಲಿ 'ಮಾಡಿ' ಕೃದಂತ, 'ಮಾಡ್ರಿ' ಗೌರವದ ವಿಧಿ, ಎರಡಕ್ಕೂ ಗೊಂದಲವಿಲ್ಲ. ಇದರ ಗ್ರಾಂಥಿಕ ರೂಪವಾದ 'ಅಳಿಸಿರಿ', 'ಆರಿಸಿರಿ' ಎಂಬುವನ್ನು ಸೂಚನೆಗಳಲ್ಲಿ ಬಳಸಿದರೆ ಸಂದೇಹ ನಿವಾರಣೆಯಾಗುತ್ತದೆ.

4. ಪದಗಳ ಆಯ್ಕೆ

2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು. ಈ ತಾಲ್ಲೂಕುಗಳ ಅನೇಕ ರೈತರ ಬಾಯಲ್ಲಿ ಪಹಣಿಯು 'ಉತಾರ'. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಪ್ರದೇಶಕ್ಕೆ ಮರಾಠಿಯ ಮೂಲಕ ಬಂದ ಪದವಿದು. ತನ್ನ ಹೊಲದ ಕಾಗದವನ್ನು ಪರದೆಯಲ್ಲಿ ಗುರುತಿಸಲಾರದ ರೈತನಿಗೆ ಮಧ್ಯವರ್ತಿಯ ಅವಲಂಬನೆ ತಪ್ಪುವುದಿಲ್ಲ. ಅಧಿಕೃತ ಪದವಾಗಿ 'ಪಹಣಿ' ಒಂದೇ ಇರಲಿ. ಹುಡುಕುವಾಗ 'ಉತಾರ' ಎಂದು ಬರೆದರೂ ಅಲ್ಲಿಗೇ ತಲುಪುವಂತಿರಲಿ. ಬೆಟಗೇರಿಯ ಆನಂದಕಂದರನ್ನೂ ಮಲಾಮರಡಿಯ ಬಸವರಾಜ ಕಟ್ಟೀಮನಿಯವರನ್ನೂ ಕೊಟ್ಟ ಗೋಕಾಕ ತಾಲ್ಲೂಕಿನ ನುಡಿಯು ಬರಹಕ್ಕೆ ಅಪರಿಚಿತವೇನಲ್ಲ.

ಸಂಖ್ಯೆಯ ವಿಷಯದಲ್ಲಿಯೂ ರೂಢಿಯನ್ನೇ ಅನುಸರಿಸಬೇಕು. '3 ಎಕರೆ 20 ಗುಂಟೆ' ಎನ್ನುತ್ತೇವೆಯೇ ಹೊರತು 'ಎಕರೆಗಳು, ಗುಂಟೆಗಳು' ಎನ್ನುವುದಿಲ್ಲ. ಅಂಕಿಗಳನ್ನು ಲಕ್ಷ, ಕೋಟಿಗಳ ಕ್ರಮದಲ್ಲಿ 1,00,000 ಎಂದು ವಿಭಾಗಿಸಬೇಕು.

5. ಉಪಸಂಹಾರ

1982ರ ಗೋಕಾಕ ಚಳವಳಿಯು ಶಾಲೆಯಲ್ಲಿ ಕನ್ನಡದ ಸ್ಥಾನವೇನೆಂದು ಕೇಳಿತು. ಇಂದು ಅದೇ ಪ್ರಶ್ನೆ ಪರದೆಯ ಮುಂದಿದೆ. ಪರದೆಯಲ್ಲಿ ಕನ್ನಡದ ಅಕ್ಷರಗಳಿದ್ದ ಮಾತ್ರಕ್ಕೆ ಉತ್ತರ ದೊರೆತಂತಾಗುವುದಿಲ್ಲ. ಹುಕ್ಕೇರಿಯ ರೈತನೊಬ್ಬನು ಅದನ್ನು ಓದಿ, ಯಾರನ್ನೂ ಕೇಳದೆ ಸರಿಯಾದ ಗುಂಡಿಯನ್ನು ಒತ್ತುವಂತಾದರೆ ಆ ಅನುವಾದ ಸಾರ್ಥಕ. ಶೈಲಿನಿಯಮಗಳನ್ನು ರೂಪಿಸುವವರು ವ್ಯಾಕರಣದೊಡನೆ ಪ್ರಾದೇಶಿಕ ನುಡಿಯನ್ನೂ ಆಧಾರವಾಗಿ ಸ್ವೀಕರಿಸಬೇಕಾದುದು ಈ ಕಾರಣದಿಂದಲೇ.