ಹಳೆಯ ಹಾಡು, ಹೊಸ ಲೆಕ್ಕ

ಹಳೆಯ ಹಾಡುಗಳ ಬಾನುಲಿ ಕೇಂದ್ರವು ಹಾಡನ್ನು ಮಾರುವುದಿಲ್ಲ. ಕೇಳುಗರನ್ನು ಜಾಹೀರಾತುದಾರರಿಗೆ ಒದಗಿಸುತ್ತದೆ. ಕೇಳುಗರು ವೃದ್ಧರಾದಂತೆ ಜಾಹೀರಾತು ಆದಾಯ ಕುಗ್ಗುವುದರಿಂದ ‘ಹಳೆಯದು’ ಎಂಬುದರ ಕಾಲಾವಧಿಯನ್ನೇ ಕೇಂದ್ರಗಳು ಆಗಾಗ್ಗೆ ಮುಂದಕ್ಕೆ ಸರಿಸುತ್ತವೆ.

ನ್ಯೂಯಾರ್ಕ್‌ನ ಡಬ್ಲ್ಯುಸಿಬಿಎಸ್ ಎಫ್.ಎಂ. 1972ರಿಂದ ಹಳೆಯ ಹಾಡುಗಳಿಗೆ ಹೆಸರಾಗಿತ್ತು. 2005ರ ಜೂನ್‌ನಲ್ಲಿ ಅದು ಹಠಾತ್ತನೆ ‘ಜ್ಯಾಕ್’ ಎಂಬ ಹೆಸರನ್ನೂ ಬೇರೆ ಸಂಗೀತವನ್ನೂ ತಳೆಯಿತು. ಕೇಳುಗರು ದೂರವಾದರು. 2007ರ ಜುಲೈನಲ್ಲಿ ಹಳೆಯ ಹೆಸರು ಮರಳಿತು. ಆದರೆ ಆದ್ಯತೆ ದೊರೆತದ್ದು 1970 ಮತ್ತು 80ರ ದಶಕಗಳ ಹಾಡುಗಳಿಗೆ. ಹೆಸರು ಉಳಿಸಿಕೊಂಡು ಸರಕನ್ನು ಮೆಲ್ಲನೆ ಬದಲಿಸುವುದೇ ಲಾಭಕರವೆಂಬುದು ಇದರ ಪಾಠ.

ಈ ಪಾಠ ದಾವಣಗೆರೆಗೂ ಪ್ರಸ್ತುತ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಖಾಸಗಿ ಎಫ್.ಎಂ. ಹರಾಜಿಗೆ ಸಮ್ಮತಿಸಿದ 234 ಹೊಸ ನಗರಗಳಲ್ಲಿ ದಾವಣಗೆರೆಯೂ ಸೇರಿದೆ. ವಾರ್ಷಿಕ ಪರವಾನಗಿ ಶುಲ್ಕ ಜಿಎಸ್‌ಟಿ ಹೊರತಾದ ಒಟ್ಟು ಆದಾಯದ ಶೇ. 4. ಇಂತಹ ಕೇಂದ್ರ ಆರಂಭವಾದರೆ ಅದರ ಆದಾಯಕ್ಕೆ ಸ್ಥಳೀಯ ಜಾಹೀರಾತೂ ಬೇಕಾಗುತ್ತದೆ.

ಆಗ ದಾವಣಗೆರೆಯ ಜವಳಿ ವರ್ತಕರಾಗಲಿ, ಹರಿಹರದ ಸಣ್ಣ ತಯಾರಕರಾಗಲಿ ದರಪಟ್ಟಿಗಿಂತ ಮೊದಲು ಕೇಳುಗರ ವಯೋಮಾನವನ್ನು ವಿಚಾರಿಸುವುದು ಒಳಿತು. ಹೆಸರು ಅಥವಾ ಸಂಗೀತ ಬದಲಾದರೆ ಒಪ್ಪಂದದಿಂದ ಹೊರಬರಲು, ಉಳಿದ ಮುಂಗಡವನ್ನು ಮರಳಿ ಪಡೆಯಲು ಕರಾರಿನಲ್ಲಿ ಷರತ್ತು ಇರಬೇಕು. ಗ್ರಾಹಕರಲ್ಲದ ಕಿವಿಗಳಿಗೆ ತೆತ್ತ ಹಣ ಖರ್ಚೇ ಹೊರತು ಹೂಡಿಕೆಯಲ್ಲ.