ಕಾರ್ಖಾನೆಯಲ್ಲಿ ಮರದ ಮನೆ: ಒಂದು ಕಿಟಕಿ ಬದಲಾದರೆ ಏನೇನು ಬದಲಾಗಬೇಕು?

ಸ್ವೀಡನ್‌ನಲ್ಲಿ ಹೊಸದಾಗಿ ಕಟ್ಟುವ ಒಂಟಿ ಮನೆಗಳಲ್ಲಿ ಬಹುಪಾಲು ಮರದ ಚೌಕಟ್ಟಿನವು. ಅವುಗಳ ಗೋಡೆ, ಛಾವಣಿ ತಯಾರಾಗುವುದು ಕಾರ್ಖಾನೆಯಲ್ಲಿ. ಕಿಟಕಿ, ವೈರಿಂಗ್ ಪೈಪು ಎಲ್ಲ ಸೇರಿಸಿ ಲಾರಿಗೆ ಹೇರುತ್ತಾರೆ, ನಿವೇಶನದಲ್ಲಿ ಕ್ರೇನ್‌ನಿಂದ ಇಳಿಸಿ ಜೋಡಿಸುತ್ತಾರೆ. ಕೆಲವು ಕಂಪನಿಗಳು ಟೈಲ್ಸ್ ಹಾಕಿದ ಸ್ನಾನದ ಮನೆ ಸಮೇತ ಇಡೀ ಕೋಣೆಯನ್ನೇ ಕಳಿಸುತ್ತವೆ.

1888ರ ಜೂನ್‌ನಲ್ಲಿ ಒಂದೇ ದಿನ ಸುಂಡ್ಸ್ವಾಲ್ ಮತ್ತು ಉಮಿಯೊ ನಗರಗಳು ಬೆಂಕಿಗೆ ತುತ್ತಾದ ದೇಶವದು. ಎರಡು ಅಂತಸ್ತಿಗಿಂತ ಎತ್ತರದ ಮರದ ಕಟ್ಟಡಗಳಿಗಿದ್ದ ನಿಷೇಧ ತೆರವಾದದ್ದು 1994ರಲ್ಲಿ. 2021ರಲ್ಲಿ ಶೆಲೆಫ್ತಿಯೊ ನಗರದಲ್ಲಿ 20 ಅಂತಸ್ತಿನ ಸಾರಾ ಸಾಂಸ್ಕೃತಿಕ ಕೇಂದ್ರವೇ ತೆರೆಯಿತು. ಅದರ ಹೋಟೆಲ್ ಕೋಣೆಗಳೂ ಕಾರ್ಖಾನೆಯಲ್ಲಿ ಸಿದ್ಧವಾಗಿ ಬಂದವು.

ಮರ ಕತ್ತರಿಸುವ ಕೆಲಸವನ್ನು ಕಂಪ್ಯೂಟರ್ ಚಾಲಿತ ಯಂತ್ರ ಮಾಡುತ್ತದೆ. ತಲೆನೋವು ಇರುವುದು ಮಾಹಿತಿಯಲ್ಲಿ.

ಪುಣೆಯಲ್ಲೋ ಹೈದರಾಬಾದಿನಲ್ಲೋ ಮಾಡ್ಯುಲರ್ ಕಿಚನ್ ಮಾಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮನೆಗೆ ಬಂದ ಬಡಗಿಯಾದರೆ ಅಳೆದು, ಕೊಯ್ದು, ಸಾಲದಿದ್ದರೆ ಒಂದು ಪಟ್ಟಿ ಸೇರಿಸುತ್ತಾನೆ. ಕಾರ್ಖಾನೆಯಲ್ಲಿ ಕೊಯ್ದು ಬಂದ ಹಲಗೆ ಅಳತೆ ತಪ್ಪಿದರೆ ವಾಪಸ್ ಹೋಗಬೇಕು. ಇಡೀ ಮನೆಯನ್ನೇ ಹೀಗೆ ತಂದರೆ?

ಗ್ರಾಹಕರು 1200 ಮಿ.ಮೀ. ಅಗಲದ ಕಿಟಕಿಯನ್ನು 1400 ಮಾಡಿ ಎಂದರು ಎನ್ನಿ. ನಕ್ಷೆಯಲ್ಲಿ ಒಂದು ಅಂಕಿ ತಿದ್ದಿದರೆ ಮುಗಿಯಲಿಲ್ಲ. ಕಿಟಕಿಯ ಮೇಲಿನ ತೊಲೆ, ಅಕ್ಕಪಕ್ಕದ ಕಂಬಿ, ಜಿಪ್ಸಂ ಹಲಗೆ, ಯಂತ್ರಕ್ಕೆ ಹೋಗುವ ಫೈಲು, ಸ್ವಿಚ್ ಇರುವ ಜಾಗ, ಕಿಟಕಿ ಸರಬರಾಜುದಾರರ ಆರ್ಡರ್, ಚಳಿಗಾಲದ ಶಾಖದ ಲೆಕ್ಕ ಎಲ್ಲವೂ ಬದಲಾಗಬೇಕು. ಎಂಜಿನಿಯರ್ ಬಳಸುವ ತಂತ್ರಾಂಶ ಒಂದು, ಖರೀದಿ ವಿಭಾಗದ್ದು ಇನ್ನೊಂದು. ಅವೆರಡಕ್ಕೂ ಸಂಪರ್ಕವಿಲ್ಲದಿದ್ದರೆ ಯಾರೋ ಒಬ್ಬರು ಕುಳಿತು ಮತ್ತೆ ಟೈಪ್ ಮಾಡಬೇಕು. ಒಂದು ಕಡೆ 1200 ಉಳಿದುಬಿಟ್ಟರೆ ಗೋಡೆ ಬರುತ್ತದೆ, ಕಿಟಕಿ ಕೂರುವುದಿಲ್ಲ. ಕ್ರೇನ್ ಬಾಡಿಗೆ ಓಡುತ್ತಿರುತ್ತದೆ, ಮಳೆ ಬಂದರೆ ಮರ ನೆನೆಯುತ್ತದೆ. ಕಾರ್ಖಾನೆಯಿಂದಾದ ಉಳಿತಾಯ ಅಲ್ಲಿಗೆ ಕರಗುತ್ತದೆ.

ಕಾರಿನ ಹಾಗೆ ನಾಲ್ಕು ಮಾದರಿ ಇಟ್ಟು ಆರಿಸಿಕೊಳ್ಳಿ ಎಂದರಾಗದೇ? ಪೂರ್ತಿ ಆಗದು. ನಿವೇಶನ ಬೇರೆ, ಸ್ಥಳೀಯ ಆಡಳಿತದ ಷರತ್ತು ಬೇರೆ, ಉತ್ತರಕ್ಕೆ ಹೋದಂತೆ ಛಾವಣಿ ಹೊರಬೇಕಾದ ಹಿಮದ ಭಾರವೂ ಬೇರೆ. ಹಾಗಾಗಿ ಎಂದೂ ಬದಲಾಗದ ಭಾಗಗಳು, ಸೂತ್ರದಿಂದ ಲೆಕ್ಕ ಹಾಕಬಹುದಾದವು, ಪ್ರತಿ ಮನೆಗೂ ಹೊಸದಾಗಿ ಬರೆಯಬೇಕಾದವು ಎಂದು ಮೊದಲೇ ವಿಂಗಡಿಸುತ್ತಾರೆ. ಪ್ರತಿ ಭಾಗಕ್ಕೂ ಒಂದೇ ಸಂಖ್ಯೆ, ಅದರ ಅಳತೆ ದಾಖಲಾಗುವುದು ಒಂದೇ ಕಡೆ.

ತಂತ್ರಾಂಶಗಳ ನಡುವೆ ಮಾಹಿತಿ ಸಾಗಿಸಲು ಐಎಫ್‌ಸಿ ಎಂಬ ಮುಕ್ತ ಮಾನದಂಡವಿದೆ. ಆದರೆ ಇಲ್ಲಿ ಗೋಡೆ ಇದೆ ಎಂದು ಹೇಳಲು ಅದು ಅನುಕೂಲವೇ ಹೊರತು, ಯಾವ ಮೊಳೆ, ಯಾವ ಮೇಜಿನ ಮೇಲೆ, ಯಾವುದರ ನಂತರ ಎಂಬ ಕಾರ್ಖಾನೆಯ ಪ್ರಶ್ನೆಗಳಿಗೆ ಬಹುಮಟ್ಟಿಗೆ ಕಂಪನಿಯೇ ಉತ್ತರ ಕಂಡುಕೊಳ್ಳಬೇಕು. ದುಬಾರಿ ತಂತ್ರಾಂಶ ಕೊಳ್ಳುವ ಮೊದಲು, ಯಾವ ಅಂಕಿ ತಿದ್ದುವ ಅಧಿಕಾರ ಯಾರಿಗೆ, ಯಾವ ದಿನಾಂಕದ ನಂತರ ತಿದ್ದುವಂತಿಲ್ಲ ಎಂಬುದನ್ನು ತೀರ್ಮಾನಿಸುವುದೇ ಹೆಚ್ಚು ಉಪಯುಕ್ತ.

ಮನೆ ಹಸ್ತಾಂತರವಾದ ಮೇಲೂ ಈ ಕಡತ ಬೇಕಾಗುತ್ತದೆ. ಇಪ್ಪತ್ತು ವರ್ಷದ ನಂತರ ಗೋಡೆಗೆ ಡ್ರಿಲ್ ಹಿಡಿಯುವ ಮಾಲೀಕರಿಗೆ, ಒಳಗೆ ನೀರಿನ ಪೈಪು ಎಲ್ಲಿ ಹಾದುಹೋಗಿದೆ ಎಂದು ಹೇಳುವುದು ಅದೇ.